ಹೊಕ್ಕುಳ ಲೈನ್ ಹಾಕಿಯಾಯಿತು, ಮುಂದೆ?

ಕಿಲೋ ತೂಗದ ಶಿಶುವಿನ ಕೈಯಲ್ಲಿ ರಕ್ತನಾಳ ಹುಡುಕುವುದು ಎಷ್ಟು ಕಷ್ಟವೋ, ಹೊಕ್ಕುಳಬಳ್ಳಿಯಲ್ಲಿ ಅಷ್ಟೇ ಸಲೀಸು. ಎಡವಟ್ಟುಗಳ ಮೂಲವೂ ಈ ಸಲೀಸೇ. ಎನ್‌ಐಸಿಯುಗೆ ಹೊಸದಾಗಿ ಬಂದ ವೈದ್ಯರಿಗೂ ಸಿಸ್ಟರ್‌ಗಳಿಗೂ ಕೆಲವು ಸೂತ್ರಗಳು.

1. ಬೇಕೇ ಎಂದು ಮೊದಲು ಕೇಳಿ. ಪದೇಪದೇ ಬ್ಲಡ್ ಗ್ಯಾಸ್ ನೋಡಲು, ಬಿಪಿಯನ್ನು ಎಡೆಬಿಡದೆ ಅಳೆಯಲು ಅಪಧಮನಿ. ಗಾಢ ಗ್ಲೂಕೋಸ್, ಡೋಪಮಿನ್‌ಗೆ ಅಭಿಧಮನಿ. ಡೋಪಮಿನ್ ಅಪಧಮನಿಗೆ ಹೋಗಕೂಡದು. ಹೊಕ್ಕುಳಲ್ಲಿ ಸೋಂಕಿದ್ದರೆ, ಕರುಳು ಹೊರಬಂದಿದ್ದರೆ ಈ ದಾರಿಯನ್ನೇ ಬಿಡಿ.

2. ಅಳೆದು ತೂರಿಸಿ. ಕಿಲೋ ತೂಕವನ್ನು 3ರಿಂದ ಗುಣಿಸಿ 9 ಕೂಡಿದರೆ ಅಪಧಮನಿಯ ಸೆಂಟಿಮೀಟರ್. ಅದರ ಅರ್ಧಕ್ಕೆ 1 ಕೂಡಿದರೆ ಅಭಿಧಮನಿಯದು. ಒಂದು ಕಿಲೋ ಮಗುವಿಗೆ 12 ಮತ್ತು 7, ಜೊತೆಗೆ ಬಳ್ಳಿಯ ತುಂಡಿನ ಉದ್ದ. ತೀರಾ ಪುಟ್ಟ ಮಕ್ಕಳಲ್ಲಿ ಈ ಲೆಕ್ಕ ತುಸು ಹೆಚ್ಚೇ ತೋರಿಸುತ್ತದೆ.

3. ತಡೆದರೆ ಒತ್ತಬೇಡಿ. ಬಿಳಿಯ, ದಪ್ಪ ಗೋಡೆಯ ಪುಟ್ಟ ನಾಳಗಳೆರಡು ಅಪಧಮನಿ. ಬಾಯಿ ತೆರೆದಿರುವ ತೆಳು ನಾಳ ಅಭಿಧಮನಿ. ಚರ್ಮ ಶುಚಿಗೊಳಿಸಲು ಒರೆಸಿದ ಔಷಧಿ ಬೆನ್ನಡಿ ಹರಿದು ನಿಂತರೆ ಚರ್ಮ ಸುಡುತ್ತದೆ, ಅದನ್ನೂ ನೋಡಿ.

4. ತುದಿ ಎಲ್ಲಿದೆ? ಗೊತ್ತಾಗುವವರೆಗೆ ಗಾಢ ದ್ರವವೇನನ್ನೂ ಬಿಡಬೇಡಿ. ಎಕ್ಸ್‌ರೇಯಲ್ಲಿ ಅಪಧಮನಿ ಲೈನ್ ಮೊದಲು ಸೊಂಟದತ್ತ ಇಳಿದು, ತಿರುಗಿ ಮೇಲೇರಿ, ಎದೆಯ 6ರಿಂದ 9ನೇ ಕಶೇರುವಿನ ನಡುವೆ ನಿಲ್ಲಬೇಕು. ಅಭಿಧಮನಿಯದು ನೆಟ್ಟಗೆ ಮೇಲೇರಿ ವಪೆಯ ತುಸು ಮೇಲೆ, ಹೃದಯದ ಬಾಗಿಲಲ್ಲಿ ನಿಲ್ಲಬೇಕು. ಕೆಳಗೆ ಉಳಿದರೆ ಟಿಪಿಎನ್ ಲಿವರ್ ಒಳಗೇ ಸುರಿಯುತ್ತದೆ. ಮೇಲೆ ಹೋದರೆ ಹೃದಯದ ಗೋಡೆ ಕೊರೆದು ಸುತ್ತ ನೀರು ತುಂಬಬಹುದು: ಚೆನ್ನಾಗಿದ್ದ ಮಗು ಏಕಾಏಕಿ ಕುಸಿದರೆ ಇದನ್ನೇ ಮೊದಲು ಶಂಕಿಸಿ. ಎಕೋ ಇದ್ದರೆ ಎಕ್ಸ್‌ರೇಗಿಂತ ಖಚಿತ. ಬಳ್ಳಿ ಒಣಗುತ್ತ ಹೋದಂತೆ ತುದಿ ಸರಿಯುತ್ತದೆ, ಆದ್ದರಿಂದ ಒಮ್ಮೆ ನೋಡಿ ಸುಮ್ಮನಾಗುವಂತಿಲ್ಲ. ಸ್ಟೆರೈಲ್ ಬಟ್ಟೆ ತೆಗೆದ ಮೇಲೆ ಲೈನನ್ನು ಹಿಂದೆಳೆಯಬಹುದು, ಒಳಕ್ಕೆ ದೂಡುವಂತಿಲ್ಲ.

5. ಸೆಂಟಿಮೀಟರ್ ಗುರುತನ್ನು ಚಾರ್ಟಿನಲ್ಲಿ ಬರೆದು ಪ್ರತಿ ಶಿಫ್ಟಿನಲ್ಲೂ ಹೋಲಿಸಿ. ಡೈಪರ್ ಹೊಕ್ಕುಳಿಗಿಂತ ಕೆಳಗಿರಲಿ. ಮುಚ್ಚಿದರೆ ರಕ್ತ ಸೋರುವುದು ಕಾಣದು.

6. ಕಾಲಿಗೆ ಸಾಕ್ಸ್ ಬೇಡ. ಅಪಧಮನಿ ಲೈನ್ ಇದ್ದಾಗ ಕಾಲ್ಬೆರಳು, ಪೃಷ್ಠದ ಬಣ್ಣ ನೋಡುತ್ತಲೇ ಇರಬೇಕು. ಬಿಳಿಚಿದರೆ, ನೀಲಿಯಾದರೆ ಆ ಕ್ಷಣ ವೈದ್ಯರನ್ನು ಕರೆಯಿರಿ. ಬಣ್ಣ ಮರಳದಿದ್ದರೆ ಲೈನ್ ಹೊರಗೆ. ಮಾನಿಟರ್ ಇದನ್ನು ಹೇಳುವುದಿಲ್ಲ, ಸಿಸ್ಟರ್ ಕಣ್ಣೇ ಹೇಳಬೇಕು.

7. ಲೈನಿನಲ್ಲಿ ಗಾಳಿಗುಳ್ಳೆ ಬೇಡ, ಅದರ ಬಾಯಿ ತೆರೆದಿಡಬೇಡಿ. ಅಭಿಧಮನಿ ಲೈನ್ ಗಾಳಿ ಎಳೆದುಕೊಳ್ಳಬಲ್ಲದು.

8. ರೌಂಡ್ಸಿನಲ್ಲಿ ದಿನವೂ ಒಬ್ಬರು ಕೇಳಲೇಬೇಕು: ಇದಿನ್ನೂ ಯಾಕೆ? "ಇರಲಿ, ನಾಳೆ ನೋಡೋಣ" ಎಂಬ ಮಾತಿನಿಂದಲೇ ಸೋಂಕು ಹತ್ತುವುದು. ಅಮೆರಿಕದ ಸಿಡಿಸಿ 2011ರಲ್ಲಿ ಅಭಿಧಮನಿಗೆ 14 ದಿನದವರೆಗೆ ಒಪ್ಪಿತ್ತು. 2022ರಲ್ಲಿ ಅದನ್ನು 7ಕ್ಕೆ ಇಳಿಸಿತು. ಅಪಧಮನಿಯದು 5 ದಿನದೊಳಗೆ ಹೊರಬರಲಿ. ಟಿಪಿಎನ್ ಮುಂದುವರಿಯುವುದಾದರೆ ಪಿಕ್ ಲೈನಿಗೆ ಮುಂಚೆಯೇ ತಯಾರಿ ಮಾಡಿಕೊಳ್ಳಿ. ತೆಗೆಯುವಾಗ ಅಪಧಮನಿ ಲೈನನ್ನು ಸುಮಾರು 5 ಸೆಂ.ಮೀ. ಉಳಿಯುವವರೆಗೆ ಎಳೆದು ನಿಲ್ಲಿಸಿ. ನಾಳ ಬಿಗಿದುಕೊಳ್ಳಲು ಕೆಲವು ನಿಮಿಷ ಬಿಟ್ಟು, ಉಳಿದದ್ದನ್ನು ನಿಧಾನವಾಗಿ ತೆಗೆಯಿರಿ. ಹೊರಬಂದ ತುದಿ ಪೂರ್ತಿಯಾಗಿದೆಯೇ ನೋಡಿ ಚಾರ್ಟಿನಲ್ಲಿ ಬರೆಯಿರಿ.