ನೋಟಿಸಿಗೆ ಮೊದಲು ಮಾತು
ಓದುವ ಭಾಗ: ಮತ್ತಾಯ 5:23-26, ಲೂಕ 12:13-15, 1 ಕೊರಿಂಥ 6:1-8

ನಿಮ್ಮಲ್ಲಿ ಎಷ್ಟೋ ಜನ ರೋಣ, ನರಗುಂದ ಕಡೆಯವರು. ನಾನು ಬೆಳವಣಕಿಯವನು. ಕೆಲಸ ಬೆಂಗಳೂರಲ್ಲಿ, ಎರೆಹೊಲ ಊರಲ್ಲಿ. ಅಪ್ಪ ತೀರಿಕೊಂಡ ಮೇಲೆ ಪಾಲಿನ ವಿಷಯಕ್ಕೆ ಒಡಹುಟ್ಟಿದವರ ನಡುವೆ ಮಾತು ನಿಲ್ಲುತ್ತೆ. ಆಮೇಲೆ ವಕೀಲರ ನೋಟಿಸ್ ಬರುತ್ತೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

1. ಮಧ್ಯಸ್ಥಗಾರ ತೀರ್ಪು ಕೊಡುವವನಲ್ಲ

ಅಣ್ಣನಿಂದ ಪಾಲು ಕೊಡಿಸು ಅಂತ ಒಬ್ಬನು ಕೇಳಿದಾಗ ಯೇಸು ಹೊಲ ಅಳೆಯಲಿಲ್ಲ; ಮನಸ್ಸಿನ ಲೋಭವನ್ನು ತೋರಿಸಿದನು. ಮಧ್ಯಸ್ಥಗಾರನೂ ತೀರ್ಪು ಹೇಳಲ್ಲ. ಯಾರಿಗೆ ನಿಜಕ್ಕೂ ಏನು ಬೇಕು ಅಂತ ಕೇಳ್ತಾನೆ. ಅಣ್ಣನಿಗೆ ಬೇಕಿರೋದು ಬಾವಿ ಇರೋ ತುಂಡು, ನಿನಗೆ ಬೇಕಿರೋದು ಮಕ್ಕಳ ಫೀಸಿಗೆ ದುಡ್ಡು ಇರಬಹುದು. ಇಬ್ಬರೂ ಬಾಯಿ ಬಿಟ್ಟು ಹೇಳದೆ ಇದು ಹೊರಗೆ ಬರಲ್ಲ.

2. ಕೋರ್ಟಿಗೆ ಹೋದ ಮೇಲೂ ದಾರಿ ಇದೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯಾಲಯವೇ ಕೇಸನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಇದಕ್ಕಂತಲೇ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತೆ. ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಂದವಾದರೆ ಕೋರ್ಟ್ ಅದರಂತೆ ಡಿಕ್ರಿ ಮಾಡುತ್ತೆ. ಆಗದಿದ್ದರೆ ಕೇಸು ಮುಂದುವರಿಯುತ್ತೆ, ನಿಮ್ಮ ಹಕ್ಕು ಎಲ್ಲೂ ಹೋಗಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆ 120 ದಿನಗಳ ಮಿತಿ ಇಟ್ಟಿದೆ. ಇಬ್ಬರೂ ಒಪ್ಪಿದರೆ ಇನ್ನೂ 60 ದಿನ.

3. ರಾಜಿ ಅಂದ್ರೆ ಬಾಯಿ ಮುಚ್ಚಿಸೋದಲ್ಲ

ನಷ್ಟವನ್ನು ಯಾಕೆ ಸಹಿಸಬಾರದು ಅಂತ ಪೌಲನು ಕೇಳುತ್ತಾನೆ. ಆ ಪ್ರಶ್ನೆ ನನಗೆ. ಅದೇ ವಚನ ಹಿಡಿದು ತಂಗಿಗೆ "ನೀನು ಪಾಲು ಬಿಟ್ಟುಕೊಡು" ಅಂತ ಹೇಳೋ ಹಕ್ಕು ನನಗಿಲ್ಲ. ಅವಳ ಪಾಲು ನುಂಗಿದ ರಾಜಿ ಸಮಾಧಾನವಲ್ಲ, ಕಳ್ಳತನ. ಇನ್ನು ಮನೆಯಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಇದ್ದರೆ ಪೊಲೀಸರ ಹತ್ತಿರ ಹೋಗಿ. "ಸಭೆಯೊಳಗೇ ಮುಗಿಸೋಣ" ಅಂತ ಪಾಸ್ಟರ್ ಹೇಳಿದರೂ ಕೇಳಬೇಡಿ, ನಾನು ಹೇಳಿದರೂ ಕೇಳಬೇಡಿ.

ಈ ವಾರ ಮಾಡಬೇಕಾದ್ದು

ಮಾತು ಬಿಟ್ಟ ಒಬ್ಬರಿಗೆ ಫೋನ್ ಮಾಡಿ. ವಾಟ್ಸಾಪ್ ಬೇಡ, ದನಿ ಕೇಳಲಿ. ಇಬ್ಬರೂ ನಂಬುವ, ಆ ಆಸ್ತಿಯಲ್ಲಿ ಲಾಭವಿಲ್ಲದ ಒಬ್ಬರನ್ನು ಕೂರಿಸಿ. ಒಪ್ಪಿದ್ದನ್ನು ಬರೆದಿಡಿ, ವಕೀಲರಿಗೆ ತೋರಿಸಿ, ಪಾಲುಪತ್ರ ನೋಂದಣಿ ಮಾಡಿಸಿ.

ದೇವರಿಗೂ ನಮಗೂ ನಡುವೆ ನಿಂತ ಯೇಸು ಅದಕ್ಕೆ ತನ್ನ ಪ್ರಾಣವನ್ನೇ ಕೊಟ್ಟನು (1 ತಿಮೊಥೆ 2:5-6). ಮೊದಲ ಫೋನ್ ಮಾಡೋಕೆ ನಮ್ಮ ಅಹಂಕಾರ ಕೊಟ್ಟರೆ ಸಾಕು. ಪ್ರಾರ್ಥಿಸೋಣ: ಕರ್ತನೇ, ಆ ಒಂದು ಹೆಸರನ್ನು ಈಗಲೇ ನಮ್ಮ ನೆನಪಿಗೆ ತಾ. ಆಮೆನ್.