ವಿಮಾನ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ನೀವೇ ಹಾಕಿ

ಟಿಕೆಟ್ ತೆಗೆಸುವ ಮುನ್ನ ವಿಮಾನದ ದೂರವನ್ನೂ ಹೊತ್ತನ್ನೂ ಮನೆಯಲ್ಲೇ ಅಂದಾಜು ಮಾಡಿಕೊಳ್ಳಬಹುದು. ಕಲಿಯಲು ಬೆಂಗಳೂರು–ದಿಲ್ಲಿ ಮಾರ್ಗದಷ್ಟು ಸುಲಭದ್ದು ಇನ್ನೊಂದಿಲ್ಲ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ.

ಮೊದಲು ದೂರ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ದಿಲ್ಲಿಯ ಇಂದಿರಾ ಗಾಂಧಿ ನಿಲ್ದಾಣ 28.6ರ ಹತ್ತಿರ. ವ್ಯತ್ಯಾಸ 15.4 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಗುಣಿಸಿದರೆ 1,710 ಕಿ.ಮೀ. ಆಯಿತು. ರಸ್ತೆಯಲ್ಲಾದರೆ ಇದು ಎರಡು ಸಾವಿರ ದಾಟುತ್ತದೆ. ಊರುಗಳು ಓರೆಯಾಗಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ ತೆರೆದು, ನಿಲ್ದಾಣದ ಮೇಲೆ ರೈಟ್ ಕ್ಲಿಕ್ ಮಾಡಿ, ದೂರ ಅಳೆಯುವ ಆಯ್ಕೆ ಒತ್ತಿ, ಇನ್ನೊಂದು ನಿಲ್ದಾಣದ ಮೇಲೆ ಕ್ಲಿಕ್ ಮಾಡಿದರೆ ಸಾಕು.

ಇನ್ನು ಹೊತ್ತು. ಜೆಟ್ ವಿಮಾನವಾದರೆ ದೂರವನ್ನು 800ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ದಿಲ್ಲಿಗೆ 2 ಗಂಟೆ 40 ನಿಮಿಷ ಬರುತ್ತದೆ. ಚಿಕ್ಕ ಊರುಗಳಿಗೆ ಹಾರುವ ಎಟಿಆರ್ ವಿಮಾನಕ್ಕೆ 500ರಿಂದ ಭಾಗಿಸಿ. ವೇಳಾಪಟ್ಟಿಯಲ್ಲಿ ಸ್ವಲ್ಪ ಹೆಚ್ಚೇ ಇರುತ್ತದೆ. ನಿಂತ ಜಾಗ ಬಿಟ್ಟ ಗಳಿಗೆಯಿಂದ ಆ ಕಡೆ ಹೋಗಿ ನಿಲ್ಲುವ ತನಕದ ಲೆಕ್ಕ ಅದು, ರನ್‌ವೇಗಾಗಿ ಸರದಿ ಕಾಯುವುದೂ ಅದರಲ್ಲೇ ಸೇರಿದೆ.

ದೂರದ ಪ್ರಯಾಣದಲ್ಲಿ ಗಾಳಿಯನ್ನೂ ಗಮನಿಸಬೇಕು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಜೆಟ್ ಸ್ಟ್ರೀಮ್‌ನಿಂದಾಗಿ ಲಂಡನ್ನಿಗೆ ಹೋಗಲು ಹೆಚ್ಚು ಹೊತ್ತು, ಬರಲು ಕಡಿಮೆ. ದಾರಿಯೂ ಬದಲಾಗಬಹುದು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ ದಿಲ್ಲಿಯಿಂದ ಯುರೋಪಿಗೆ ಹೋಗುವವು ಸುತ್ತಿ ಹಾರಬೇಕಾಯಿತು.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು 12.30ಕ್ಕೆ ದುಬೈ ತಲುಪಿದರೆ ಪ್ರಯಾಣ ಎರಡೂವರೆ ಗಂಟೆಯದಲ್ಲ, ನಾಲ್ಕು ಗಂಟೆಯದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ 5.30. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ನೇರವಾಗಿ ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ ಸುಮಾರು 14,000 ಕಿ.ಮೀ. ಕ್ರಮಿಸಿತು. ಗ್ಲೋಬಿನ ಮೇಲೆ ದಾರ ಎಳೆದು ನೋಡಿ, ಹತ್ತಿರದ ದಾರಿ ಅತ್ತಲೇ ಏಕೆಂದು ಮಕ್ಕಳಿಗೂ ತಿಳಿಯುತ್ತದೆ.

ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಟ ಅಪ್ಪ ಅಮ್ಮನಿಗೆ ಹೊರಡುವ ಹೊತ್ತನ್ನೂ ತಲುಪುವ ಹೊತ್ತನ್ನೂ ಭಾರತದ ಸಮಯಕ್ಕೆ ಬದಲಿಸಿ ಚೀಟಿಯಲ್ಲಿ ಬರೆದುಕೊಡಿ. ಮಾತ್ರೆ ಯಾವಾಗ ನುಂಗಬೇಕೆಂಬುದು ಆ ಚೀಟಿಯಲ್ಲೇ ಇರಲಿ.