ಹೆಸರು ಬರೆಯದಿದ್ದರೆ ಸಾಕೆ?

ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗಾಗಿ ನಮ್ಮ ಬೀದಿಯ 20 ಮನೆಗಳಲ್ಲಿ ಉಳಿತಾಯ ಮತ್ತು ಸಾಲದ ಮಾಹಿತಿ ಸಂಗ್ರಹಿಸಿದ್ದೆ. ಯಾರ ಹೆಸರನ್ನೂ ಬರೆದಿರಲಿಲ್ಲ. ವಯಸ್ಸು, ಕೆಲಸ, ಮನೆಯಲ್ಲಿರುವವರ ಸಂಖ್ಯೆ, ಸಾಲದ ಮೊತ್ತ ಇಷ್ಟೇ ಇತ್ತು. ಮನೆಗೆ ಬಂದಿದ್ದ ಖಾಲಾ ಆ ಪಟ್ಟಿ ನೋಡಿ, "ಹೊಲಿಗೆ ಕೆಲಸ, ಮನೆಯಲ್ಲಿ ಇಬ್ಬರೇ. ಇದು ಅವರೇ ಅಲ್ವಾ? ಇಷ್ಟೊಂದು ಸಾಲವಾ?" ಎಂದುಬಿಟ್ಟರು. ಗಲ್ಫ್‌ನಲ್ಲಿರುವ ಮಗನಿಗೂ ಹೇಳಿಲ್ಲ ಎಂದು ಆ ಆಂಟಿ ನನಗೆ ಹೇಳಿದ್ದರು. "ನಂಬಿ ಹೇಳಿದ ಮಾತೂ ಅಮಾನತ್ ಕಣೋ" ಎಂದರು ಅಮ್ಮಿ.

ಲೆಕ್ಚರರ್ ಬಳಿ ಹೇಳಿಕೊಂಡಾಗ, ಸಂಶೋಧನಾ ನೈತಿಕತಾ ಸಮಿತಿಗಳ ಬಗ್ಗೆ ಓದು ಎಂದರು. ಓದಿ ತಿಳಿದದ್ದು ಇಷ್ಟು.

ಸಮಿತಿ ಎಂದರೇನು?

ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆ ಆರಂಭಿಸುವ ಮೊದಲು ಈ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಇದರಲ್ಲಿ 7ರಿಂದ 15 ಸದಸ್ಯರಿರುತ್ತಾರೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ ಮತ್ತು ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ನೀಡಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಮಿತಿ ನೋಡುವ ವಿಷಯಗಳು

1. ಕೇಳುವ ಪ್ರತಿಯೊಂದು ಮಾಹಿತಿಯೂ ಅಧ್ಯಯನಕ್ಕೆ ನಿಜವಾಗಿ ಬೇಕೆ?
2. ಸಮ್ಮತಿ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಮಾಹಿತಿಯನ್ನು ಯಾರು ನೋಡುತ್ತಾರೆ, ಗೌಪ್ಯತೆಯ ಮಿತಿ ಎಲ್ಲಿಯವರೆಗೆ ಎಂದು ಅದರಲ್ಲಿರಬೇಕು. ಏಕೆಂದರೆ ಕೋರ್ಟ್ ಕೇಳಿದರೆ ಕೊಡಬೇಕಾಗಬಹುದು. 18 ತುಂಬದ ನಮ್ಮಂಥವರಾದರೆ ಪೋಷಕರ ಸಮ್ಮತಿಯ ಜೊತೆ ನಮ್ಮ ಒಪ್ಪಿಗೆಯೂ ಬೇಕು.
3. ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಬೇರೆಯಾಗಿ ಭದ್ರವಾಗಿ ಇಡುತ್ತಾರೆಯೇ?
4. ಮಧ್ಯದಲ್ಲಿ ಹಿಂದೆ ಸರಿಯಲು ಅವಕಾಶವಿದೆಯೇ?

ಸಣ್ಣ ಊರಿನ ಕಷ್ಟ

ಸಂಕೇತ ಸಂಖ್ಯೆಯೊಂದೇ ಸಾಲದು. 2020ರ ಕೊರೊನಾ ಸಮಯದಲ್ಲಿ ರಾಜ್ಯದ ಬುಲೆಟಿನ್‌ನಲ್ಲಿ ರೋಗಿಗಳ ಹೆಸರಿರಲಿಲ್ಲ. ಪಿ ಅಕ್ಷರದ ಜೊತೆ ಒಂದು ಸಂಖ್ಯೆ, ವಯಸ್ಸು, ಜಿಲ್ಲೆ ಇರುತ್ತಿತ್ತು. ಬೆಂಗಳೂರಿನಂಥ ನಗರದಲ್ಲಿ ಅದರಿಂದ ಯಾರೆಂದು ತಿಳಿಯುವುದು ಕಷ್ಟ. 2011ರ ಜನಗಣತಿಯಂತೆ ಕೊಡಗಿನಲ್ಲಿ ಇದ್ದದ್ದು ಸುಮಾರು 5.5 ಲಕ್ಷ ಜನ, ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. ಇಲ್ಲಿ ಒಂದು ಎಸ್ಟೇಟ್ ಲೈನಿನಲ್ಲಿ, ಒಂದು ಹಾಡಿಯಲ್ಲಿ, ಒಂದು ಬೀದಿಯಲ್ಲಿ ವಯಸ್ಸು ಮತ್ತು ಕೆಲಸ ಹೇಳಿದರೆ ಹೆಸರು ಹೇಳಿದಂತೆಯೇ. ಅದಕ್ಕೇ ವಯಸ್ಸನ್ನು 40–60 ಎಂಬ ಗುಂಪಾಗಿ, ಊರನ್ನು ತಾಲ್ಲೂಕಾಗಿ ಬರೆಯುತ್ತಾರೆ.

ನಮ್ಮ ಪ್ರಾಜೆಕ್ಟ್‌ಗಳನ್ನು ನೋಡಲು ಸಮಿತಿ ಇಲ್ಲ. ಆ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು. ನಾನು ಕೆಲಸದ ಕಾಲಂ ತೆಗೆದೆ, ವಯಸ್ಸನ್ನು ಗುಂಪು ಮಾಡಿದೆ. ಆಮೇಲೆ ಆಂಟಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ತೆಗೆದುಬಿಡು ಮಗಾ" ಎಂದರು.

ನನ್ನ ಪ್ರಾಜೆಕ್ಟ್‌ನಲ್ಲಿ ಈಗ 19 ಮನೆಗಳಿವೆ.